ಚಿಲಕದ ಒಳಗಡೆ ನಿಂತ ಓದುಗ

ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’, ಮೊದಲ ಭಾಗದ ಕೊನೆಯ ಅಧ್ಯಾಯ. ಪೀಟರ್ಸ್‌ಬರ್ಗಿನ ಒಂದು ಮನೆ, ನಾಲ್ಕನೇ ಮಹಡಿ. ಒಳಗೆ ಗಿರವಿ ಹಿಡಿಯುವ ಮುದುಕಿ ಮತ್ತು ಅವಳ ತಂಗಿಯ ಹೆಣ ಬಿದ್ದಿವೆ, ಅವರನ್ನು ಕೊಂದ ಬಡ ಮಾಜಿ ವಿದ್ಯಾರ್ಥಿ ರಸ್ಕೋಲ್ನಿಕೋವ್ ಕೊಡಲಿ ಹಿಡಿದು ಬಾಗಿಲಿಗೆ ಆತು ನಿಂತಿದ್ದಾನೆ. ಹೊರಗೆ ಕೋಖ್ ಎಂಬಾತ ಗಂಟೆ ಬಾರಿಸಿ ಬಾರಿಸಿ ಬೇಸತ್ತು ಬಾಗಿಲು ಜಗ್ಗುತ್ತಾನೆ. ಚಿಲಕದ ಕೊಕ್ಕೆ ಬಳೆಯೊಳಗೆ ಕುಣಿಯುತ್ತದೆ. ಜೊತೆಗಿದ್ದ ಹುಡುಗ ಚುರುಕು: ಜಗ್ಗಿದರೆ ಬಾಗಿಲು ಅಲುಗುತ್ತದೆ, ಅಂದರೆ ಬೀಗ ಹಾಕಿಲ್ಲ, ಒಳಗಿನಿಂದ ಕೊಕ್ಕೆ ಹಾಕಿದೆ, ಹಾಗಾದರೆ ಒಳಗೆ ಯಾರೋ ಇರಲೇಬೇಕು. ಅವನ ತರ್ಕ ಅಪ್ಪಟ ಸರಿ. ಓದುಗನಿಗೆ ಮಾತ್ರ ಅವನ ಮೇಲೆ ಸಿಟ್ಟು ಬರುತ್ತದೆ. ಆ ಕೊಕ್ಕೆ ಕಳಚದಿರಲಿ ಎಂದು ನಾವು ಉಸಿರು ಬಿಗಿಹಿಡಿದಿರುತ್ತೇವೆ.

ಇದು ಕನಿಕರವಲ್ಲ. ‘ಸಹಾನುಭೂತಿ’ ಪದವನ್ನು ಬಿಡಿಸಿ ನೋಡಿ: ಜೊತೆಗೂಡಿ ಅನುಭವಿಸುವುದು. ಇದನ್ನು ಕ್ಷಮೆ ಎಂದು ಓದುವುದೇ ಈ ಕಾದಂಬರಿಯ ಬಗ್ಗೆ ಆಗುವ ಮೊದಲ ತಪ್ಪು. ಲೇಖಕ ಓದುಗನನ್ನು ಬಾಗಿಲಿನ ಒಳಬದಿಗೆ ನಿಲ್ಲಿಸಿದ್ದಾನೆ, ಅಷ್ಟೆ. ಆ ಜಾಗ ಅವನಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಮೊದಲು ಇಡೀ ಕಥೆಯನ್ನು ಕೊಲೆಗಾರನ ತಪ್ಪೊಪ್ಪಿಗೆಯಾಗಿ, ‘ನಾನು’ ಎಂದೇ ಬರೆಯುತ್ತಿದ್ದ. 1865ರ ನವೆಂಬರ್ ಕೊನೆಗೆ, ಬಹಳಷ್ಟು ಬರೆದಾದ ಮೇಲೆ, ಅದನ್ನು ಸುಟ್ಟು ಹೊಸದಾಗಿ ಶುರುಮಾಡಿದ. 1866ರಲ್ಲಿ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದದ್ದು ‘ಅವನು’ ಎನ್ನುವ ನಿರೂಪಣೆ. ಕೊಲೆಯ ಅಧ್ಯಾಯದ ಒಂದು ಪ್ಯಾರಾವನ್ನು ‘ನಾನು’ ಹಾಕಿ ಬರೆದು ನೋಡಿ: ತಕ್ಷಣ ಅದು ಸಮಜಾಯಿಷಿ ಆಗಿಬಿಡುತ್ತದೆ, ನಾವು ನ್ಯಾಯಾಧೀಶರ ಕುರ್ಚಿಗೆ ಹೋಗಿ ಕೂರುತ್ತೇವೆ.

ಇನ್ನು ಘಟನೆಗಳನ್ನು ಜೋಡಿಸಿದ ಕ್ರಮ. ಕೊಲೆಗೆ ಮುನ್ನ ಆರು ಅಧ್ಯಾಯ ದಾಟಬೇಕು. ಅಪ್ಪನ ಗಡಿಯಾರಕ್ಕೆ ನಾಲ್ಕು ರೂಬಲ್ ಕೇಳಿದವನಿಗೆ ಆ ಗಿರವಿ ಮುದುಕಿ ಅಲ್ಯೋನ ಇವಾನೋವ್ನ ಒಂದೂವರೆ ಎನ್ನುತ್ತಾಳೆ. ತಿಂಗಳಿಗೆ ರೂಬಲ್ಲಿಗೆ ಹತ್ತು ಕೊಪೆಕ್ ಬಡ್ಡಿ, ಅದೂ ಮುಂಗಡ: ಇದಕ್ಕೆ 15, ಹಳೇ ಸಾಲಕ್ಕೆ 20 ಮುರಿದುಕೊಂಡು ಕೈಗಿಡುವುದು 1 ರೂಬಲ್ 15 ಕೊಪೆಕ್. ಗಿರವಿ ಅಂಗಡಿಯ ಮೆಟ್ಟಿಲು ಹತ್ತಿದ ಯಾರಿಗೂ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆ ಚಿಲ್ಲರೆಯಲ್ಲೇ ಒಂದಿಷ್ಟನ್ನು ಅವನು ಕುಡುಕ ಗುಮಾಸ್ತ ಮಾರ್ಮೆಲಾದೊವ್‌ನ ಮನೆಯ ಕಿಟಕಿಯ ಮೇಲೆ ಸದ್ದಿಲ್ಲದೆ ಇಟ್ಟು ಬರುತ್ತಾನೆ, ಮೆಟ್ಟಿಲಿಳಿಯುತ್ತಲೇ ‘ಎಂಥ ದಡ್ಡತನ’ ಎಂದುಕೊಳ್ಳುತ್ತಾನೆ. ಆಮೇಲೆ ತಾಯಿಯ ಕಾಗದ. ಆಮೇಲೆ, ಬಡಕಲು ಕುದುರೆಯನ್ನು ಜನ ಹೊಡೆದು ಸಾಯಿಸುವಾಗ ಅದರ ಮುಖ ತಬ್ಬಿ ಅಳುವ ಏಳು ವರ್ಷದ ಹುಡುಗನ ಕನಸು. ಕೊಡಲಿ ಎತ್ತುವವನ ಒಳಗೇ ಆ ಹುಡುಗನೂ ಇದ್ದಾನೆ ಎಂದು ಗೊತ್ತಾದ ಮೇಲೆಯೇ ಕೊಡಲಿ ಏಳುವುದು.

ಬಡತನವೇ ಕಾರಣ ಎಂದು ಪರೀಕ್ಷೆಯ ಉತ್ತರದಂತೆ ಬರೆದು ಮುಗಿಸುವವರುಂಟು. ಅವರು ಉಪಸಂಹಾರ ಓದಬೇಕು. ಕದ್ದ ಚೀಲದಲ್ಲಿದ್ದದ್ದು 317 ರೂಬಲ್ 60 ಕೊಪೆಕ್; ಅವನು ಅದನ್ನು ಬಿಚ್ಚಿಯೂ ನೋಡದೆ ಕಲ್ಲಿನಡಿ ಹೂತಿದ್ದ. ಮಾರ್ಮೆಲಾದೊವ್‌ನ ಮಗಳು ಸೋನ್ಯಳೆದುರು ಅವನೇ ಒಂದೊಂದಾಗಿ ಕಾರಣ ಹೇಳುತ್ತಾನೆ: ತಾಯಿಗಾಗಿ, ನೆಪೋಲಿಯನ್ ಆಗಲು, ತಾನು ಹೇನೋ ಮನುಷ್ಯನೋ ಎಂದು ತಿಳಿಯಲು. ಹೇಳಿದ್ದನ್ನು ತಾನೇ ತಳ್ಳಿಹಾಕುತ್ತಾನೆ. ಸೈಬೀರಿಯಕ್ಕೆ ಹೋದ ಮೇಲೂ ಬಹುಕಾಲ ಪಶ್ಚಾತ್ತಾಪವಿಲ್ಲ. ತಾಳಿಕೊಳ್ಳಲಾಗದೆ ಒಪ್ಪಿಕೊಂಡದ್ದೇ ತನ್ನ ತಪ್ಪು ಎಂಬ ಅವಮಾನ ಮಾತ್ರ.

ನಮ್ಮ ಸಹಾನುಭೂತಿಗೆ ನಿಜವಾದ ಒರೆಗಲ್ಲು ಲಿಜವೇತ. ಮುದುಕಿಯನ್ನು ಕೊಲ್ಲಲು ಅವನು ಹೋಟೆಲಿನಲ್ಲಿ ಕೇಳಿಸಿಕೊಂಡ ವಾದವೊಂದಿತ್ತು: ಒಂದು ಜೀವಕ್ಕೆ ಸಾವಿರ ಜೀವ. ಅವಳ ತಂಗಿಗೆ ಯಾವ ವಾದವೂ ಇಲ್ಲ. ಮುದುಕಿಗೆ ಬಿದ್ದದ್ದು ಕೊಡಲಿಯ ಹಿಂಬದಿಯ ಪೆಟ್ಟು, ಇವಳಿಗೆ ಅಲಗು. ಮುಖ ಮುಚ್ಚಿಕೊಳ್ಳಲೂ ಗೊತ್ತಾಗದೆ ಎಡಗೈಯನ್ನು ತುಸುವೇ ಮುಂದೆ ಚಾಚುತ್ತಾಳೆ. ಆಮೇಲೆ ಅವನು ಅವಳನ್ನು ಮರೆಯುತ್ತಾನೆ. ಅವಳ ಬಗ್ಗೆ ಯೋಚನೆಯೇ ಬರುವುದಿಲ್ಲವಲ್ಲ ಎಂದು ಮೂರನೇ ಭಾಗದಲ್ಲಿ ತಾನೇ ಅಚ್ಚರಿಪಡುತ್ತಾನೆ. ಎರಡನೇ ಸಲ ಓದುವಾಗ ಅವಳ ಹೆಸರು ಬಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕುತ್ತ ಹೋಗಿ. ನಾವೂ ಅವನ ಜೊತೆಗೇ ಮರೆತಿದ್ದೆವು ಎಂಬುದು ಆಗ ಗೊತ್ತಾಗುತ್ತದೆ.

ಕೊನೆಯ ಗುರುತು ಆರನೇ ಭಾಗದಲ್ಲಿ, ಪೊಲೀಸ್ ಕಚೇರಿಗೆ ಹೊರಡುವ ಮುನ್ನ ಬೀಳುತ್ತದೆ. ಸೋನ್ಯ ಅವನ ಕೊರಳಿಗೆ ಮರದ ಶಿಲುಬೆ ಹಾಕುತ್ತಾಳೆ, ಲಿಜವೇತಳ ತಾಮ್ರದ ಶಿಲುಬೆಯನ್ನು ತಾನು ಇಟ್ಟುಕೊಳ್ಳುತ್ತಾಳೆ. ಎಲ್ಲಿ ತೋರಿಸು, ಎನ್ನುತ್ತಾನೆ ಅವನು. ಆ ಗಳಿಗೆಯಲ್ಲಿ ಅವಳ ಮೈಮೇಲೆ ಇದ್ದದ್ದು ಇದೇನಾ?