ವಿಷತ್ಯಾಜ್ಯ ಬೇಡವೆನ್ನುವ ಊರು ಯಾವಾಗ ಕೂರಬೇಕು, ಎಲ್ಲಿ ಕೂರಬೇಕು

ಚಿಕ್ಕಮಗಳೂರು ನಗರದ ಕಸ ಸೇರುವುದು ಇಂದಾವರಕ್ಕೆ. ಅಲ್ಲಿನವರು ಕಸದ ಗಾಡಿಗಳನ್ನು ತಡೆದು ಕೂತದ್ದು ಒಂದೆರಡು ಸಲವಲ್ಲ. ಗುಂಡಿ ತುಂಬತೊಡಗಿದ ಮೇಲೆ ಶುರುವಾಗುವ ಹೋರಾಟಗಳಲ್ಲಿ ಸಾಮಾನ್ಯವಾಗಿ ಸಿಗುವುದು ಭರವಸೆ ಮಾತ್ರ. ಅದೇ ಜಿಲ್ಲೆಯ ಕುದುರೆಮುಖ ನೋಡಿ: ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿಯ ಹೂಳು ಮಾತ್ರ ಇವತ್ತಿಗೂ ಅಲ್ಲೇ ಇದೆ. ಒಮ್ಮೆ ಸುರಿದದ್ದನ್ನು ಯಾರೂ ವಾಪಸ್ ಒಯ್ಯುವುದಿಲ್ಲ.

ಅಮೆರಿಕದ ಎರಡು ಹಳ್ಳಿಗಾಡಿನ ಹೋರಾಟಗಳನ್ನು ಪಕ್ಕಪಕ್ಕ ಇಟ್ಟರೆ ಈ ಮಾತು ಸ್ಪಷ್ಟವಾಗುತ್ತದೆ. ಉತ್ತರ ಕೆರೊಲಿನಾದ ವಾರೆನ್ ಕೌಂಟಿಯಲ್ಲಿ 1982ರಲ್ಲಿ ಪಿಸಿಬಿ ಎಂಬ ವಿಷರಾಸಾಯನಿಕ ಬೆರೆತ ಮಣ್ಣಿನ ಲಾರಿಗಳು ಬಂದಾಗ ಜನ ರಸ್ತೆಯಲ್ಲಿ ಅಡ್ಡ ಮಲಗಿದರು. ಆರು ವಾರಗಳಲ್ಲಿ 500ಕ್ಕೂ ಹೆಚ್ಚು ಬಂಧನಗಳಾದವು. ಆದರೆ ಗುಂಡಿ ಆಗಲೇ ಸಿದ್ಧವಾಗಿತ್ತು, ಮಣ್ಣು ಒಳಗೆ ಹೋಯಿತು. ಅದನ್ನು ನಿರ್ವಿಷಗೊಳಿಸಲು ಸುಮಾರು ಎರಡು ದಶಕ ಹಿಡಿಯಿತು. ನ್ಯೂಯಾರ್ಕ್ ರಾಜ್ಯದ ಅಲಿಗೆನಿ ಕೌಂಟಿಯವರು ತಡೆದದ್ದು ಲಾರಿಯನ್ನಲ್ಲ, ವಿಕಿರಣ ತ್ಯಾಜ್ಯಕ್ಕೆ ಜಾಗ ನೋಡಲು ಬಂದ ತಂಡವನ್ನು. 1990ರ ಏಪ್ರಿಲ್ 5ರಂದು ಕೆನಡಿಯಾ ಸೇತುವೆಯ ಮೇಲೆ ವಯಸ್ಸಾದವರು ಸರಪಳಿ ಬಿಗಿದುಕೊಂಡು ಅಡ್ಡ ಕುಳಿತರು. ಜಾಗದ ಪರಿಶೀಲನೆಯೇ ನಿಂತುಹೋಯಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ, ವಿಕಿರಣ ತ್ಯಾಜ್ಯದ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಿದ್ದ ಅಮೆರಿಕದ ಕೇಂದ್ರ ಕಾನೂನಿನ ಮುಖ್ಯ ಕಲಮೊಂದನ್ನು 1992ರಲ್ಲಿ ರದ್ದು ಮಾಡಿಸಿಕೊಂಡಿತು.

ನಮ್ಮಲ್ಲಿ ಭೋಪಾಲ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 1989ರಲ್ಲಿ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಂದವು. ಊರಿನವರ ಮಾತು ಕೇಳಲೇಬೇಕೆಂಬ ನಿಯಮ ಬಂದದ್ದು 1997ರಲ್ಲಿ. ಈಗ ಜಾರಿಯಲ್ಲಿರುವುದು 2006ರ ಪರಿಸರ ಪರಿಣಾಮ ಅಧಿಸೂಚನೆ. ಹಲವು ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯವನ್ನು ಒಂದೆಡೆ ತಂದು ಹೂಳುವ, ಸುಡುವ ಘಟಕಗಳಿಗೆ ಅದರಡಿ ಅನುಮತಿ ಕಡ್ಡಾಯ. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಆ 30 ದಿನವೇ ಊರಿನ ಕೈಯಲ್ಲಿರುವ ಕಾಲ. ಘಟಕದಿಂದ ಪರಿಸರಕ್ಕೆ ಏನಾಗಬಹುದೆಂದು ಹೇಳುವ ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗುತ್ತದೆ.

ವರದಿಯಲ್ಲಿ ಮೊದಲು ನೋಡಬೇಕಾದದ್ದು ಅಂತರ್ಜಲದ ಪುಟ. ಮಾಹಿತಿಯನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಸಂಗ್ರಹಿಸುತ್ತಾರೆ. ಮಾರ್ಚ್‌ನಲ್ಲಿ ತಳ ಕಂಡ ಬಾವಿ ಆಗಸ್ಟ್‌ನಲ್ಲಿ ಕೈಗೆಟಕುವಷ್ಟು ತುಂಬುವುದು ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಹೊಸತಲ್ಲ. ಗುಂಡಿಯ ತಳಕ್ಕೂ ನೀರಿಗೂ ಇರುವ ಅಂತರವನ್ನು ಮಳೆಗಾಲದ ಮಟ್ಟದಿಂದಲೇ ಲೆಕ್ಕ ಹಾಕಬೇಕು. ಊರಿನ ಹತ್ತು ಬಾವಿಗಳ ನೀರಿನ ಮಟ್ಟವನ್ನು ಅಳೆದು, ತಾರೀಖು, ಸರ್ವೆ ನಂಬರ್ ಸಹಿತ ಬರೆದಿಟ್ಟರೆ ಅದಕ್ಕೆ ಉತ್ತರ ಕೊಡದೆ ದಾಟುವುದು ಕಷ್ಟ.

ಹೋರಾಟ ಎಡವುವುದು ಹೆಚ್ಚಾಗಿ ಸಭೆಯ ದಿನ. ಸಿಟ್ಟಿನಲ್ಲಿ ಮೈಕ್ ಕಿತ್ತುಕೊಳ್ಳುವುದು, ಶಾಮಿಯಾನ ಉರುಳಿಸುವುದು ನಡೆಯುತ್ತದೆ. ಆ ಕ್ಷಣಕ್ಕೆ ಗೆದ್ದಂತೆ ಕಾಣುತ್ತದೆ. ಆದರೆ ಸ್ಥಳೀಯ ಪರಿಸ್ಥಿತಿಯಿಂದಾಗಿ ಜನ ಮುಕ್ತವಾಗಿ ಮಾತಾಡುವಂತೆ ಸಭೆ ನಡೆಸಲಾಗದು ಎಂದು ವರದಿಯಾದರೆ, ಸಭೆಯನ್ನೇ ಕೈಬಿಟ್ಟು ಮುಂದುವರಿಯಲು ಅಧಿಸೂಚನೆಯಲ್ಲೇ ಅವಕಾಶವಿದೆ. ಸದ್ದು ಮಾಡಿದವರ ಸಿಟ್ಟು ನ್ಯಾಯವಾದದ್ದೇ, ಆದರೆ ಅದರ ಲಾಭ ಕಂಪನಿಗೆ. ಶಾಂತವಾಗಿ ಕೂರುವುದನ್ನು ಹೇಡಿತನ ಎನ್ನುವವರಿಗೆ ಈ ಕಲಮನ್ನು ಓದಿ ಹೇಳಬೇಕು.

ಹಾಗಾಗಿ ಧರಣಿ ಸಭಾಂಗಣದ ಹೊರಗಿರಲಿ, ಒಳಗೆ ಮಾತಾಡುವವರು ಬೇರೆಯೇ ಇರಲಿ. ಸಭೆಗೆ ಕನಿಷ್ಠ ಇಷ್ಟು ಜನ ಇರಬೇಕೆಂಬ ಕೋರಂ ಇಲ್ಲ, ಮತದಾನವೂ ಇಲ್ಲ, ದಾಖಲಾದದ್ದಷ್ಟೇ ಉಳಿಯುತ್ತದೆ. ಪ್ರತಿ ಆಕ್ಷೇಪವನ್ನೂ ಎರಡು ಪ್ರತಿ ಬರೆದು, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಬೇಕು. ಗ್ರಾಮಸಭೆಯ ನಿರ್ಣಯದ ದೃಢೀಕೃತ ನಕಲನ್ನೂ ಲಗತ್ತಿಸಬೇಕು. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳುವುದು ಕಡ್ಡಾಯ, ಅಷ್ಟರಲ್ಲಿ ಅರ್ಧ ಜನ ಬಸ್ಸಿಗೆ ಹೊರಟಿರುತ್ತಾರೆ. ಬಿಟ್ಟುಹೋದ ಅಂಶ ಸೇರಿಸಿ ಎಂದು ಕೇಳಲು ಅಲ್ಲಿ ಯಾರಾದರೂ ಉಳಿದಿರಲೇಬೇಕು.

ಇನ್ನೊಂದು ಅಪಾಯವಿದೆ. ಅನುಮೋದಿತ ಕೈಗಾರಿಕಾ ಪ್ರದೇಶದ ಒಳಗಿನ ಘಟಕಕ್ಕೆ ಅಹವಾಲು ಸಭೆಯಿಂದ ವಿನಾಯಿತಿ ಸಿಗಬಹುದು. ಅಂಥ ಕಡೆ ಕೈಗಾರಿಕಾ ಪ್ರದೇಶ ರೂಪಿಸುವ ರಾಜ್ಯದ ಮಂಡಳಿ ಕೆಐಎಡಿಬಿಗಾಗಿ ಜಮೀನು ಸ್ವಾಧೀನಕ್ಕೆ 28(1) ಕಲಮಿನ ಅಧಿಸೂಚನೆ ಹೊರಟಾಗಲೇ ಎಚ್ಚೆತ್ತು, ನೋಟಿಸ್ ಕೈಸೇರಿದ 30 ದಿನದೊಳಗೆ ಜಮೀನಿನ ಮಾಲೀಕರು ಆಕ್ಷೇಪಣೆ ಸಲ್ಲಿಸಬೇಕು. ಪರಿಸರ ಅನುಮತಿ ಸಿಕ್ಕೇಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೂ ಗಡುವು 30 ದಿನ. ತಡವಾದರೆ ಸಕಾರಣ ಕೊಟ್ಟು ಇನ್ನು 60 ದಿನ ಕೇಳಬಹುದು, ಅದರಾಚೆಗೆ ಇಲ್ಲ.