ಗ್ವಾನ್‌ದು ಶಾಂಗ್‌ಬಾನ್: ಲಗಾಮು ಸರ್ಕಾರದ್ದು, ಗಂಟು ವರ್ತಕರದ್ದು

ಚೀನಾದ ಚಿಂಗ್ ಅರಸೊತ್ತಿಗೆಯ ಕಾಲದ ತಂತಿ (ಟೆಲಿಗ್ರಾಫ್) ಕಂಬಗಳ, ರೈಲು ಹಳಿಗಳ ಇತಿಹಾಸ ಓದಲು ಕೂತರೆ ‘ಗ್ವಾನ್‌ದು ಶಾಂಗ್‌ಬಾನ್’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ‘ಗ್ವಾನ್’ ಎಂದರೆ ಅಧಿಕಾರಿ, ‘ದು’ ಮೇಲ್ವಿಚಾರಣೆ, ‘ಶಾಂಗ್’ ವರ್ತಕ, ‘ಬಾನ್’ ನಡೆಸುವುದು. ಉಸ್ತುವಾರಿ ಅಧಿಕಾರಿಗಳದ್ದು, ಬಂಡವಾಳವೂ ವ್ಯವಹಾರವೂ ವರ್ತಕರದ್ದು. ಲಾಭವಾಗಲಿ ನಷ್ಟವಾಗಲಿ ಸರ್ಕಾರಕ್ಕೆ ಸಂಬಂಧವಿಲ್ಲ ಎನ್ನುವುದೂ ಇದೇ ಒಪ್ಪಂದದ ಭಾಗ.

ಅರಸೊತ್ತಿಗೆಯ ವಿರುದ್ಧ ಎದ್ದಿದ್ದ ತೈಪಿಂಗ್ ದಂಗೆಯನ್ನು ಹತ್ತಿಕ್ಕುವಷ್ಟರಲ್ಲಿ ಬೊಕ್ಕಸ ಬರಿದಾಗಿತ್ತು. ದುಡ್ಡಿದ್ದದ್ದು ಶಾಂಘೈಯಂಥ ಬಂದರುಗಳ ವರ್ತಕರ ಬಳಿ, ಅದನ್ನು ಅವರು ವಿದೇಶಿ ಕಂಪನಿಗಳಲ್ಲಿ ತೊಡಗಿಸುತ್ತಿದ್ದರು. ಆ ಹಣವನ್ನು ಈ ಕಡೆ ತಿರುಗಿಸಲು ಪ್ರಬಲ ಅಧಿಕಾರಿ ಲೀ ಹೊಂಗ್‌ಜಾಂಗ್ 1872ರಲ್ಲಿ ಒಂದು ಹಡಗು ಕಂಪನಿ ಕಟ್ಟಿಸಿದ. ಈ ಬಗೆಯ ಕಂಪನಿಗಳಲ್ಲಿ ಷೇರುದಾರರಿಗೆ ‘ಗ್ವಾನ್‌ಲಿ’ ಎಂಬ ನಿಗದಿತ ಬಡ್ಡಿ ಇರುತ್ತಿತ್ತು. ವ್ಯಾಪಾರ ಕುದುರದ ವರ್ಷವೂ ಅದನ್ನು ಕೊಡಬೇಕು. ಷೇರು ಎನ್ನುವುದಕ್ಕಿಂತ ಸಾಲ ಎಂದರೇ ಸರಿ.

ಸೂತ್ರ ಚೆನ್ನಾಗಿ ಕೈಹಿಡಿದದ್ದು ತಂತಿಯಲ್ಲಿ. ಡೆನ್ಮಾರ್ಕಿನ ಗ್ರೇಟ್ ನಾರ್ದರ್ನ್ ಕಂಪನಿ 1871ರಲ್ಲೇ ಸಮುದ್ರದಡಿಯ ತಂತಿಯನ್ನು ಶಾಂಘೈವರೆಗೆ ತಂದಿತ್ತು. ಗಡಿ ವಿಚಾರವಾಗಿ ರಷ್ಯಾದೊಂದಿಗೆ ಯುದ್ಧದ ಭೀತಿ ಎದ್ದಾಗ ಇದರ ವಿಚಿತ್ರ ಎದ್ದು ಕಂಡಿತು: ರಷ್ಯಾದಿಂದ ಶಾಂಘೈಗೆ ಸುದ್ದಿ ಬೇಗ ಬರುತ್ತದೆ, ಅಲ್ಲಿಂದ ಬೀಜಿಂಗ್ ಸೇರಲು ಹಡಗಿನಲ್ಲಿ ಸುಮಾರು ಒಂದು ವಾರ! 1880ರಲ್ಲಿ ಲೀ ಇದನ್ನೇ ಮುಂದಿಟ್ಟು ತಂತಿ ಎಳೆಯಲು ಅನುಮತಿ ಪಡೆದ. 1881ರ ಡಿಸೆಂಬರ್ ಹೊತ್ತಿಗೆ ಬೀಜಿಂಗ್ ಬಳಿಯ ತಿಯಾನ್‌ಜಿನ್‌ನಿಂದ ಶಾಂಘೈವರೆಗಿನ ಮಾರ್ಗ ಸಿದ್ಧ. ಮೊದಲ ಖರ್ಚು ಲೀಯ ಸೈನ್ಯದ ನಿಧಿಯದು. 1882ರಲ್ಲಿ ವರ್ತಕರ ಷೇರು ಕೂಡಿಸಿ ತಂತಿ ಸಂಸ್ಥೆಯನ್ನು ಈ ಸೂತ್ರಕ್ಕೆ ಒಳಪಡಿಸಿದರು. ಆ ನಿಧಿಯಿಂದ ಬಂದ ಸರ್ಕಾರಿ ಸಾಲದ ಒಂದು ಭಾಗವನ್ನು ಕಚೇರಿಗಳ ತಂತಿಗಳನ್ನು ಪುಕ್ಕಟೆ ಕಳಿಸಿ ತೀರಿಸುವ ಜಾಣ ಏರ್ಪಾಡೂ ಇತ್ತು. ನಡೆಸುವವನು ಶೆಂಗ್ ಶುವಾನ್‌ಹುಆಯ್. ಅಧಿಕಾರಿಯೂ ಅವನೇ, ದೊಡ್ಡ ಷೇರುದಾರನೂ ಅವನೇ. ಹಾಗಾದರೆ ಯಾರು ಯಾರ ಮೇಲೆ ಕಣ್ಣಿಟ್ಟಿದ್ದರು ಎಂದು ಕೇಳಬೇಕಾಗುತ್ತದೆ.

ರೈಲಿನ ದಾರಿ ಇಷ್ಟು ಸಲೀಸಾಗಿರಲಿಲ್ಲ. ಶಾಂಘೈಯಿಂದ ವುಸೋಂಗ್‌ಗೆ ಬ್ರಿಟಿಷ್ ವರ್ತಕರು ಅನುಮತಿಯಿಲ್ಲದೆ ಹಾಕಿದ ಹಳಿಯಲ್ಲಿ 1876ರಲ್ಲಿ ರೈಲು ಓಡಿತು. ಮರುವರ್ಷ ಸರ್ಕಾರ ಅದನ್ನು 2,85,000 ತಾಯೆಲ್ (ಚೀನೀ ತೂಕದ ಅಳತೆ) ಬೆಳ್ಳಿ ಕೊಟ್ಟು ಕೊಂಡು ಕಿತ್ತುಹಾಕಿತು. ಅಜ್ಞಾನ ಎಂದು ನಗುವವರುಂಟು. ಆದರೆ ಪರರು ಕೇಳದೆ ಹಾಕಿದ ಹಳಿಯನ್ನು ಉಳಿಸಿಕೊಂಡರೆ ನಾಳೆ ಯಾರು ಬೇಕಾದರೂ ಹಾಕಬಹುದು ಎಂಬ ಲೆಕ್ಕಾಚಾರ ತೀರಾ ದಡ್ಡತನವೇನಲ್ಲ. ಬಾಳಿದ್ದು 1881ರ ತಾಂಗ್‌ಶಾನ್ ಮಾರ್ಗ. ಹತ್ತು ಕಿಲೋಮೀಟರಿನಷ್ಟು ಉದ್ದ, ಹಾಕಿದ್ದು ಇದೇ ಸೂತ್ರದಡಿ ನಡೆಯುತ್ತಿದ್ದ ಕೈಪಿಂಗ್ ಗಣಿ ಕಂಪನಿ, ಕಲ್ಲಿದ್ದಲು ಸಾಗಿಸಲಿಕ್ಕೆ. ಮೊದಲು ಹೇಸರಗತ್ತೆಗಳು ಎಳೆದವು, ಆಮೇಲೆ ಇಂಜಿನಿಯರ್ ಕಿಂಡರ್ ಹಳೆಯ ಬಿಡಿಭಾಗಗಳಿಂದ ಜೋಡಿಸಿದ ಇಂಜಿನ್. ಈ ಮಾರ್ಗ 1888ಕ್ಕೆ ತಿಯಾನ್‌ಜಿನ್ ಮುಟ್ಟಿತು. ವಿಸ್ತರಣೆಗೆ ಷೇರು ಮಾರಹೊರಟರೆ ವರ್ತಕರು ಬೇಕಾದಷ್ಟು ಕೊಡಲಿಲ್ಲ. ವಿದೇಶಿ ಸಾಲವೇ ಗತಿಯಾಯಿತು. ತಂತಿಗೆ ಕಂಬ, ಸರಿಗೆ, ಒಂದಿಷ್ಟು ಯಂತ್ರ ಸಾಕು. ರೈಲಿಗೆ ಜಮೀನು ಬೇಕು, ಸೇತುವೆ ಬೇಕು, ವರ್ಷಗಟ್ಟಲೆ ಕಾಯುವ ಹಣ ಬೇಕು. ಅಧಿಕಾರಿ ಯಾವಾಗ ಕೈಹಾಕುತ್ತಾನೋ ಎಂಬ ಅಳುಕಿದ್ದವರು ಅಷ್ಟು ದೀರ್ಘಕಾಲಕ್ಕೆ ದುಡ್ಡು ಹೂಡಲು ಹಿಂಜರಿದದ್ದು ಸಹಜ. 1894ರಲ್ಲಿ ಜಪಾನಿನೊಂದಿಗೆ ಯುದ್ಧ ಶುರುವಾದಾಗ ಇಡೀ ಸಾಮ್ರಾಜ್ಯದ ಹಳಿ 1,000 ಕಿಲೋಮೀಟರನ್ನೂ ಮುಟ್ಟಿರಲಿಲ್ಲ.

ಅಳುಕಿಗೆ ಆಧಾರವೂ ಸಿಕ್ಕಿತು. 1908ರಲ್ಲಿ ಸರ್ಕಾರ ತಂತಿ ಸಂಸ್ಥೆಯ ವರ್ತಕರ ಷೇರುಗಳನ್ನು ಕೊಂಡುಕೊಂಡು ಅದನ್ನು ತನ್ನದಾಗಿಸಿತು. ಅಷ್ಟರಲ್ಲಿ ಪ್ರಾಂತ್ಯಗಳಲ್ಲಿ ‘ಗ್ವಾನ್‌ದು’ ಬಿಟ್ಟ ಬರೀ ‘ಶಾಂಗ್‌ಬಾನ್’ ರೈಲು ಕಂಪನಿಗಳು ಹುಟ್ಟಿದ್ದವು. ಸಿಚುವಾನ್‌ನಲ್ಲಿ ಜಮೀನಿನ ಆದಾಯದ ಮೇಲೆ ಕಡ್ಡಾಯ ವಂತಿಗೆ ಹಾಕಿ ಷೇರು ಹಣ ಎತ್ತಿದ್ದರು. ಹಳ್ಳಿಯ ಹೊಲದ ಒಡೆಯನೂ ಹೀಗೆ ರೈಲಿನ ಪಾಲುದಾರ. 1911ರ ಮೇ ತಿಂಗಳಲ್ಲಿ ಮುಖ್ಯ ಮಾರ್ಗಗಳನ್ನೆಲ್ಲ ರಾಷ್ಟ್ರೀಕರಣ ಮಾಡಿ, ವಿದೇಶಿ ಬ್ಯಾಂಕುಗಳ ಸಾಲಕ್ಕೆ ಸಹಿ ಹಾಕಿದ ಮಂತ್ರಿ ಬೇರಾರೂ ಅಲ್ಲ, ಅದೇ ಶೆಂಗ್. ಸಿಚುವಾನ್‌ನವರಿಗೆ ಪೂರ್ತಿ ಹಣ ವಾಪಸ್ ಸಿಗುವಂತಿರಲಿಲ್ಲ, ಬಹುಪಾಲು ಬಾಂಡಿನ ಕಾಗದವೇ. ಪ್ರಾಂತ್ಯ ಹೊತ್ತಿ ಉರಿಯಿತು, ಅದನ್ನು ಆರಿಸಲು ಪಕ್ಕದ ಹುಬೇಯಿಂದ ಪಡೆ ಕಳಿಸಿದರು. ಸೈನ್ಯ ಕಡಿಮೆಯಾದ ಆ ಹುಬೇಯ ವುಚಾಂಗ್‌ನಲ್ಲೇ ಅಕ್ಟೋಬರ್ 10ರಂದು ಕ್ರಾಂತಿ ಸಿಡಿಯಿತು. ಅದೇ ತಿಂಗಳು ಶೆಂಗ್‌ನನ್ನು ಮಂತ್ರಿ ಪದವಿಯಿಂದ ಕಿತ್ತುಹಾಕಿದರು.