ಖಾಲಿ ಗೀಜಗನ ಗೂಡು ತಂದರೂ ತಪ್ಪಾ?

ಸೇಡಂ ತಾಲ್ಲೂಕಿನ ಶಿಕ್ಷಕರೊಬ್ಬರ ಪ್ರಶ್ನೆ: ಮಕ್ಕಳಿಗೆ ತೋರಿಸೋಕೆ ಖಾಲಿ ಗೀಜಗನ ಗೂಡು ಕೂಡಿಸುತ್ತೇನೆ. ಅದೂ ಅಪರಾಧ ಅಂತಾರೆ. ಈ ನಿಯಮ ತೆಗೆಯಿರಿ ಅಂತ ಸರ್ಕಾರಕ್ಕೆ ಬರೆಯುವವನಿದ್ದೇನೆ. ಅಲ್ಲಿಯವರೆಗೆ ಪಾಲಿಸಲೇಬೇಕಾ?

ಪಾಲಿಸಬೇಕು, ಮಾಸ್ತರ್ರೇ. ಪಾಲಿಸುತ್ತಲೇ ಬದಲಿಸಿ ಅಂತ ಗಟ್ಟಿಯಾಗಿ ಕೇಳಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆ ಕೆಡಿಸುವುದೂ ಬೇಟೆಯ ಲೆಕ್ಕವೇ. ಇಟ್ಟುಕೊಳ್ಳಬಾರದ ವಸ್ತುಗಳಲ್ಲಿ ಕೊಂಬು, ಗರಿ, ಉಗುರಿನ ಜೊತೆ ಗೂಡಿನ ಹೆಸರೂ ಇದೆ. 2022ರ ತಿದ್ದುಪಡಿಯ ಮೇಲೆ ಸಾಮಾನ್ಯ ಅಪರಾಧಕ್ಕೂ ದಂಡ 1 ಲಕ್ಷ ರೂಪಾಯಿವರೆಗೆ ಏರಿದೆ. 3 ವರ್ಷದವರೆಗೆ ಜೈಲೂ ಆಗಬಹುದು. ಪಾಠಕ್ಕೆ ತಂದವರನ್ನೂ ಪೇಟೆಯಲ್ಲಿ ಮಾರಲು ತಂದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೂ ಸರಿ ಕಾಣುವುದಿಲ್ಲ.

ಆದರೆ ಗೂಡು ಖಾಲಿ ಅಂತ ಹೇಳೋದು ಅಷ್ಟು ಸುಲಭ ಅಲ್ಲ. ನಮ್ಮೂರ ಬಾವಿಯ ಮೇಲೆ ಬಾಗಿದ ಜಾಲಿ ಗಿಡದಲ್ಲಿ ಮಳೆಗಾಲ ಬಂದರೆ ಗೀಜಗಗಳದ್ದೇ ಗದ್ದಲ. ಗಂಡು ಹಕ್ಕಿ ಎಲೆಯ ಅಂಚಿನಿಂದ ಉದ್ದನೆಯ ನಾರು ಸೀಳಿ ತರುತ್ತದೆ, ಹೆಣೆಯುತ್ತದೆ. ಗೂಡು ಟೋಪಿ ಬೋರಲು ಹಾಕಿದ ಹಾಗೆ ಅರ್ಧಕ್ಕೆ ಬಂದಾಗ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಕೆಳಗಿನ ಕೊಳವೆ ಹೆಣೆಯುವ ಕೆಲಸ. ಒಳಗೆ ಹಸಿ ಮಣ್ಣಿನ ಉಂಡೆ ಮೆತ್ತಿರುತ್ತದೆ, ಬೆರಳಿಗೆ ತಾಗುತ್ತದೆ. ಆ ಅರ್ಧ ಗೂಡನ್ನು ನೋಡಿ 'ಬಿಟ್ಟುಹೋಗಿದೆ' ಅಂತ ಕಿತ್ತವರಲ್ಲಿ ಚಿಕ್ಕವನಿದ್ದಾಗ ನಾನೂ ಒಬ್ಬ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ. ಗೀಜಗ ನಿಜವಾಗಿ ಬಿಟ್ಟ ಹಳೇ ಗೂಡಿನಲ್ಲೂ ರಾಟವಾಳದಂಥ ಪುಟ್ಟ ಹಕ್ಕಿಗಳು ಸಂಸಾರ ಹೂಡುತ್ತವೆ.

ಕೆಟ್ಟ ಕಾನೂನು ಮುರಿಯೋದೇ ಹೋರಾಟ ಅಲ್ವಾ ಅಂತ ನೀವು ಕೇಳಬಹುದು. 1930ರಲ್ಲಿ ಅಂಕೋಲೆಯಲ್ಲಿ ಸತ್ಯಾಗ್ರಹಿಗಳು ಬ್ರಿಟಿಷರ ಉಪ್ಪಿನ ಕಾನೂನು ಮುರಿದರು, ನಿಜ. ಎಲ್ಲರ ಕಣ್ಣೆದುರೇ ಮುರಿದರು, ಜೈಲಿಗೂ ಸಿದ್ಧರಿದ್ದರು. ಆಗ ಕಾನೂನು ಮಾಡುವಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ. ಶಾಲೆಯ ಕಪಾಟಿನಲ್ಲಿ ಸುಮ್ನೆ ಗೂಡು ಮುಚ್ಚಿಡುವುದು ಯಾರಿಗೂ ಕಾಣುವುದಿಲ್ಲ, ಏನನ್ನೂ ಬದಲಿಸುವುದಿಲ್ಲ. ಈ ಕಾನೂನು ನಿಮ್ಮಿಂದ ಅನ್ಯಾಯವನ್ನೇನೂ ಮಾಡಿಸುತ್ತಿಲ್ಲ. ಗೂಡಿಗೆ ಕೈ ಹಚ್ಚಬೇಡಿ ಅನ್ನುತ್ತಿದೆ, ಅಷ್ಟೇ. ನಾಳೆ ನಿಮ್ಮ ಮೇಲೇ ಕೇಸ್ ಆದರೆ ನಿಮ್ಮ ಅರ್ಜಿಗೆ ಯಾರು ಬೆಲೆ ಕೊಡುತ್ತಾರೆ?

ಅರ್ಜಿಯಲ್ಲಿ ಇಡೀ ನಿಯಮ ತೆಗೆಯಿರಿ ಅನ್ನಬೇಡಿ. ಗೂಡು ಮಾರುವವರಿಗೂ ಅದರಿಂದ ದಾರಿ ಸಿಗುತ್ತದೆ. ನವಿಲಿನ ಬಾಲದ ಗರಿಗೆ ಇದೇ ಕಾಯ್ದೆಯಲ್ಲಿ ವಿನಾಯಿತಿ ಇದೆ. ನೆಲಕ್ಕೆ ಬಿದ್ದ ಗೂಡಿಗೆ, ಶಾಲೆಗಳ ಮಟ್ಟಿಗೆ, ಅಂಥದ್ದೇ ವಿನಾಯಿತಿ ಕೇಳಿ. ಇದು ಕೇಂದ್ರದ ಕಾಯ್ದೆ. ಹಾಗಾಗಿ ಕೇಂದ್ರ ಪರಿಸರ ಸಚಿವಾಲಯಕ್ಕೂ ನಿಮ್ಮ ಸಂಸದರಿಗೂ ಬರೆಯಿರಿ. ವನ್ಯಜೀವಿ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು. ಹಾಗಾಗಿ ಶಾಸಕರಿಗೂ ಒಂದು ಪ್ರತಿ ಕೊಡಿ. ಕಂಬಳದ ವಿಷಯದಲ್ಲಿ 2017ರಲ್ಲಿ ನಮ್ಮ ವಿಧಾನಸಭೆಯೇ ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಬೇರೆ ಕಾಯ್ದೆ, ಆದರೆ ದಾರಿ ಇದೆ.

ಈಗಾಗಲೇ ಕೂಡಿಸಿದ ಗೂಡುಗಳನ್ನು ಯಾರಿಗೂ ಕೊಡಬೇಡಿ, ಸುಡಬೇಡಿ. ಎಲ್ಲಿಂದ, ಯಾವಾಗ ತಂದಿರಿ ಅಂತ ಬರೆದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ನೀವೇ ಹೋಗಿ ತಿಳಿಸಿ. ಶಿಕ್ಷಣಕ್ಕೆ ಪರವಾನಗಿ ಕೊಡುವ ಅವಕಾಶ ಕಾಯ್ದೆಯಲ್ಲಿದೆ. ಅದಕ್ಕೆ ಏನು ಮಾಡಬೇಕು ಅಂತಲೂ ಅಲ್ಲೇ ಕೇಳಿ. ಈ ಮಳೆಗಾಲ ಮಕ್ಕಳನ್ನೇ ಬಾವಿ ಕಡೆ ಕರೆದುಕೊಂಡು ಹೋಗಿ, ದೂರ ನಿಲ್ಲಿಸಿ. ಯಾವ ಗೂಡು ಅರ್ಧಕ್ಕೆ ನಿಂತಿತು, ಯಾವುದಕ್ಕೆ ಕೊಳವೆ ಬಂತು ಅಂತ ವಾರಕ್ಕೊಮ್ಮೆ ಅವರೇ ಬರೆದಿಡಲಿ. ಆ ಹಾಳೆಗಳನ್ನು ನಿಮ್ಮ ಅರ್ಜಿಗೂ ಲಗತ್ತಿಸಿ.